ಕಾಸರಗೋಡಿನಲ್ಲಿ ಪಾರ್ಟಿ ಬೇರೆ, ಗಮ್ಮತ್ತು ಬೇರೆ

ಕೇರಳದಲ್ಲಿರುವ ಕನ್ನಡದ ಕಾಲೇಜು ಮಕ್ಕಳು ನಾವು. ನಮ್ಮೊಳಗೆ ಯಾವ ಭಾಷೆ ಮಾತಾಡ್ತೇವೆ, ಪಾರ್ಟಿ ಹೇಗಿರ್ತದೆ, ಯಾವ ಸಿನಿಮಾ ನೋಡ್ತೇವೆ ಅಂತ ಕರ್ನಾಟಕದ ನೀವು ಕೇಳುವುದುಂಟು. ನಾನು ಕರ್ನಾಟಕದ ಗಡಿಗೆ ತಾಗಿದ ಕಾಸರಗೋಡು ಜಿಲ್ಲೆಯವಳು, ಬದಿಯಡ್ಕದ ಹತ್ತಿರ ಮನೆ, ಕಾಸರಗೋಡಿನಲ್ಲಿ ಡಿಗ್ರಿ ಎರಡನೇ ವರ್ಷ. ಇಡೀ ಜಿಲ್ಲೆಯ ಪರವಾಗಿ ಹೇಳಲಿಕ್ಕೆ ಬರುವುದಿಲ್ಲ, ನನ್ನ ಮನೆ ಮತ್ತು ಗೆಳತಿಯರ ಮಟ್ಟಿಗೆ ಹೇಳುತ್ತೇನೆ.

ಬೆಳಿಗ್ಗೆ ಎಂಟು ಗಂಟೆಯ ಹೊತ್ತು. ಹಟ್ಟಿಯಿಂದ ಅಮ್ಮ ತುಳುವಿನಲ್ಲಿ "ಪೊರ್ತಾಂಡ್" ಅಂತ ಕೂಗುತ್ತಾರೆ, ಹೊತ್ತಾಯಿತು ಅಂತ. ತೋಟದ ದಾರಿಯಲ್ಲಿ ಸಿಗುವ ಪಕ್ಕದ ಮನೆಯ ಅಜ್ಜಿಯದು ಹವ್ಯಕ ಕನ್ನಡ: "ಕಾಲೇಜಿಂಗೋ?" ಬಸ್ಸು ಹತ್ತಿದರೆ ಕಂಡಕ್ಟರ್ "ಎವಿಡೇಕ್ಕಾ?" ಅನ್ನುತ್ತಾನೆ, ನಾನು ಮಲಯಾಳದಲ್ಲಿ ಊರು ಹೇಳಿ ಟಿಕೆಟ್ ತೆಗೆದುಕೊಳ್ಳುತ್ತೇನೆ. ಕ್ಲಾಸಿಗೆ ಹೋದ ಕೂಡಲೇ ಗೆಳತಿ, "ಎಂತ ಮಾರಾಯ್ತಿ, ಇಷ್ಟು ಲೇಟು!" ಇದನ್ನೆಲ್ಲ ನಾವು ಲೆಕ್ಕ ಇಟ್ಟು ಮಾಡುವುದಲ್ಲ. ಎದುರಿಗೆ ಇದ್ದವರ ಮುಖ ನೋಡಿದರೆ ನಾಲಿಗೆ ತಾನಾಗಿ ತಿರುಗುತ್ತದೆ.

ಒಂದು ಮಾತು ಮಾತ್ರ ನನಗೆ ನೋವು ಕೊಡುತ್ತದೆ. ಮೈಸೂರಿನ ಕಡೆ ಹೋದಾಗ, "ನಿಮ್ಮದು ಪುಸ್ತಕದ ಕನ್ನಡ, ವಾರ್ತೆ ಓದಿದ ಹಾಗೆ" ಅನ್ನುತ್ತಾರೆ. ಅದಕ್ಕೆ ಕಾರಣ ಉಂಟು. ನಾನು ಓದಿದ್ದು ಕನ್ನಡ ಶಾಲೆ, ನನ್ನ ಹತ್ತನೇ ತರಗತಿಯಲ್ಲಿ ತುಳು, ಕೊಂಕಣಿ, ಮರಾಟಿ, ಮಲಯಾಳ ಮನೆಮಾತಿನ ಮಕ್ಕಳೆಲ್ಲ ಇದ್ದರು. ಎಲ್ಲರಿಗೂ ಕನ್ನಡ ಸಿಕ್ಕಿದ್ದು ಸ್ಲೇಟಿನ ಮೇಲೆ, ಟೀಚರ ಬಾಯಿಯಿಂದ. ಅದಕ್ಕೇ "ಬರ್ತೀನಿ" ಅನ್ನದೆ "ಬರ್ತೇನೆ" ಅನ್ನುತ್ತೇವೆ, "ಇದೆ" ಅನ್ನುವ ಕಡೆ "ಉಂಟು" ಅನ್ನುತ್ತೇವೆ. ನಾವು ನಾಲ್ಕು ಮನೆಮಾತಿನವರು ಒಟ್ಟಿಗೆ ಕೂತು ನಗಾಡಿದ್ದು, ಜಗಳ ಮಾಡಿದ್ದು ಎಲ್ಲ ಆ ಕನ್ನಡದಲ್ಲೇ. ನನಗೆ ಅದು ಬಹಳ ಪ್ರೀತಿಯದು.

ಕೇರಳದ ಶಬ್ದಗಳೂ ಅದರಲ್ಲಿ ಸೇರಿವೆ. ನಿಮ್ಮ ಪಿಯುಸಿ ನಮಗೆ ಪ್ಲಸ್ ಟು, ನಿಮ್ಮ ಬಂದ್ ನಮಗೆ ಹರತಾಳ, ಹೆಂಗಸರ ಸ್ವಸಹಾಯ ಸಂಘ ಅಂದರೆ ಕುಟುಂಬಶ್ರೀ. ನನ್ನ ಅಜ್ಜ ಹುಟ್ಟಿದ್ದು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. 1956ರ ನವೆಂಬರ್ 1ಕ್ಕೆ ಅದೇ ಮನೆ, ಅದೇ ತೋಟ ಕೇರಳದ್ದಾಯಿತು, 1984ರಲ್ಲಿ ಕಾಸರಗೋಡು ಜಿಲ್ಲೆಯದ್ದಾಯಿತು. ಅಜ್ಜ ಎಲ್ಲಿಗೂ ಹೋಗಲಿಲ್ಲ.

ಇನ್ನು ಪಾರ್ಟಿ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋಗಿ ಬರೀ "ಪಾರ್ಟಿ" ಅಂದರೆ ಕೇಳಿದವರಿಗೆ ಸಿಪಿಎಂ ಅಂತಲೇ ಅರ್ಥ. "ಅವನು ಪಾರ್ಟಿಯವನು" ಅಂದರೆ ಕೇಕು ತಿನ್ನಲಿಕ್ಕೆ ಹೋದವನಲ್ಲ. ಅಲ್ಲಿ ಆ ಶಬ್ದಕ್ಕೆ ತೂಕ ಉಂಟು. ರೈತ ಹೋರಾಟದ ನಾಲ್ವರನ್ನು 1943ರಲ್ಲಿ ಗಲ್ಲಿಗೇರಿಸಿದರಲ್ಲ, ಆ ಕಯ್ಯೂರು ಇದೇ ಜಿಲ್ಲೆಯದ್ದು. ಆ ಹೋರಾಟದ ಬಗ್ಗೆ ನಿರಂಜನರು ಬರೆದ ಕಾದಂಬರಿ 'ಚಿರಸ್ಮರಣೆ' ಓದಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ನೀವು ಕೇಳುವ ಪಾರ್ಟಿಗೆ ನಮ್ಮ ಶಬ್ದ ಗಮ್ಮತ್ತು. ಹೋದ ಏಪ್ರಿಲಿನಲ್ಲಿ ಗೆಳತಿಯ ಅಕ್ಕನ ಮದುವೆಯ ಮುಂಚಿನ ರಾತ್ರಿ, ಮದರಂಗಿಗೆ ಹೋಗಿದ್ದೆ. ಅಡಿಕೆ ಒಣಗಿಸುವ ಅಂಗಳಕ್ಕೇ ಚಪ್ಪರ ಹಾಕಿದ್ದರು, ಮೂಲೆಯಲ್ಲಿ ಗುಡಿಸಿಟ್ಟ ಅಡಿಕೆಯ ವಾಸನೆ ಇನ್ನೂ ಇತ್ತು. ಊಟಕ್ಕೆ ಕೋರಿ ರೊಟ್ಟಿ. ರೊಟ್ಟಿ ಸಾರು ಕುಡಿದು ಮೆತ್ತಗಾಗುವ ಮೊದಲೇ ತಿನ್ನಬೇಕು ಅಂತ ನಾನು, ನೆನೆದ ಮೇಲೆಯೇ ರುಚಿ ಅಂತ ಗೆಳತಿ. ಡಿಜೆಯವನು ಒಂದು ತುಳು, ಒಂದು ಮಲಯಾಳ, ಒಂದು ಕನ್ನಡ ಹಾಡು ಹಾಕುತ್ತಾ ಹೋದ. ಯಾರೂ ಕೂತುಕೊಳ್ಳಲಿಲ್ಲ, ಅಜ್ಜಿಯಂದಿರು ಸಹ.

ಬಯಲಾಟ ಇದ್ದರೆ ಅದಕ್ಕೂ ಹೋಗುತ್ತೇವೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮದೇ ತಾನೇ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ, ಕನ್ನಡ ಭಾಷಣ, ಕನ್ನಡ ಪದ್ಯ ಇವಕ್ಕೆಲ್ಲ ಸ್ಪರ್ಧೆ ಉಂಟು ಅಂತ ಹೇಳಿದರೆ ಬೆಂಗಳೂರಿನವರು ನಂಬುವುದೇ ಇಲ್ಲ.

ಸಿನಿಮಾ ನಾವು ಸಿಕ್ಕಿದ ಭಾಷೆಯಲ್ಲಿ ನೋಡುತ್ತೇವೆ. ಕನ್ನಡದ್ದಕ್ಕೆ ಹೆಚ್ಚಾಗಿ ಮಂಗಳೂರಿಗೆ ಬಸ್ಸು ಹತ್ತಬೇಕು. 2022ರಲ್ಲಿ 'ಕಾಂತಾರ'ವನ್ನು ಹಾಗೇ ಹೋಗಿ ನೋಡಿದೆವು. ಆಮೇಲೆ ಕಾಲೇಜಿನಲ್ಲಿ ಪರಿಚಯವಾದ ನೀಲೇಶ್ವರದ ಗೆಳತಿ ಮನೆಗೆ ಬಂದಾಗ ಫೋನಿನಲ್ಲಿ ಅದನ್ನೇ ಇನ್ನೊಮ್ಮೆ ಹಾಕಿದೆ. ಅವಳಿಗೆ ಕನ್ನಡ ಬಾರದು. ಪಂಜುರ್ಲಿ ದೈವ ಬಂದಾಗ ವಿವರಿಸಲಿಕ್ಕೆ ಬಾಯಿ ತೆರೆದೆ. "ಗೊತ್ತುಂಟು, ನಮ್ಮಲ್ಲಿ ಪಂಚುರುಳಿ ತೆಯ್ಯಂ" ಅಂದಳು ಮಲಯಾಳದಲ್ಲಿ. ತೆಯ್ಯಂ ಅಂದರೆ ಅವರ ಕಡೆಯ ದೈವದ ಕುಣಿತ. ಗುಳಿಗನೂ ಅವಳಿಗೆ ಗೊತ್ತು. ಮುಗಿಯುವವರೆಗೆ ನಾನು ಮತ್ತೆ ಏನೂ ವಿವರಿಸಲಿಲ್ಲ. ಕಾಞಂಗಾಡಿನ ನಿರ್ದೇಶಕ ಸೆನ್ನಾ ಹೆಗ್ಡೆಯವರು ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದವರು, ಆಮೇಲೆ ತಮ್ಮ ಊರಿನದ್ದೇ ಮಲಯಾಳದಲ್ಲಿ 'ತಿಂಗಳಾಳ್ಚ ನಿಶ್ಚಯಂ' ಮಾಡಿದರು. ಅದರ ಮಾತು ಕೇಳುವಾಗ ನನಗೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗೇ ಆಗುತ್ತದೆ.

ಆದರೆ ನನಗೆ ಹತ್ತಿರದ್ದು ರಿಷಬ್ ಶೆಟ್ಟಿಯವರ 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು'. ಕನ್ನಡ ಶಾಲೆಗೆ ಕನ್ನಡ ಬಾರದ ಮಾಷ್ಟ್ರು ಬರುವ ಕಥೆ ಅದು. ಥಿಯೇಟರಿನಲ್ಲಿ ಎಲ್ಲರೂ ನಗುತ್ತಿದ್ದರು, ನನಗೆ ಅರ್ಧ ಕಡೆ ನಗು ಬರಲಿಲ್ಲ. ಆಗ ನಾನು ಎಂಟನೇ ತರಗತಿ. ಆ ವರ್ಷವೇ ನಮಗೆ ಗಣಿತಕ್ಕೆ ಕನ್ನಡ ಬಾರದ ಮಾಷ್ಟ್ರು ಬಂದಿದ್ದರು. ಪಾಪ, ಒಳ್ಳೆಯವರು, ಬೋರ್ಡಿನಲ್ಲಿ ಚೌಕ ಬರೆದು ಕೈಯಲ್ಲಿ ತೋರಿಸಿ "ಪರಪ್ಪಳವ್, ಪರಪ್ಪಳವ್" ಅನ್ನುತ್ತಿದ್ದರು. ಪುಸ್ತಕದಲ್ಲಿ ಇದ್ದದ್ದು "ವಿಸ್ತೀರ್ಣ". ಎರಡೂ ಒಂದೇ ಅಂತ ತಿಳಿಯಲಿಕ್ಕೆ ನನಗೆ ಒಂದು ವಾರ ಬೇಕಾಯಿತು, ಹಿಂದಿನ ಬೆಂಚಿನವರಿಗೆ ಆ ವರ್ಷವಿಡೀ ತಿಳಿಯಲಿಲ್ಲ. ಮಕ್ಕಳ ಭಾಷೆ ಬಾರದವರನ್ನು ಕನ್ನಡ ಶಾಲೆಗೆ ಕಳಿಸುವುದು ತಪ್ಪು, ಆ ಮಾಷ್ಟ್ರಿಗೂ ಅದು ಅನ್ಯಾಯವೇ. ಹೆತ್ತವರು ನಾಲ್ಕು ಕಚೇರಿಗೆ ಅರ್ಜಿ ಹಿಡಿದು ಅಲೆದ ಮೇಲೆ ಬೇರೆ ಟೀಚರು ಬಂದರು.

ನನ್ನ ತಮ್ಮ ಈಗ ಅದೇ ಶಾಲೆಯಲ್ಲಿ ಎಂಟನೇ ತರಗತಿ. ನಿನ್ನೆ ರಾತ್ರಿ ಅವನ ಗಣಿತದ ನೋಟ್ಸು ತೆಗೆದು ನೋಡಿದೆ. ದುಂಡಗಿನ ಅಕ್ಷರದಲ್ಲಿ "ವಿಸ್ತೀರ್ಣ" ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ.