18 ನಿಮಿಷ ದಾಟಿದ ಹಿಟ್ಟು

ನಮಸ್ಕಾರ ಮೇಡಂ,

ನ್ಯೂಜೆರ್ಸಿಯ ಯಹೂದಿ ಡೇ ಸ್ಕೂಲಲ್ಲಿ ಅಸಿಸ್ಟೆಂಟ್ ಟೀಚರ್ ಆಗಿ ನೀವು ಕಳೆದ ಒಂದು ವರ್ಷದ ಬಗ್ಗೆ ಕಳಿಸಿದ 'ನಮ್ಮ ಶಾಲೆಯ ಸಂಭ್ರಮಗಳು' ಲೇಖನ ಎರಡು ಸಲ ಓದಿದೆ. ಭಾಷೆ ಸರಾಗವಾಗಿದೆ, ಕಾಗುಣಿತ ಚೆನ್ನಾಗಿದೆ, ವಿಷಯ ನಮ್ಮ ಓದುಗರಿಗೆ ಹೊಸದು. ಆದ್ರೆ ಈಗಿರೋ ರೂಪದಲ್ಲಿ ಹಾಕಕ್ಕಾಗಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗೇ ಬರೀತೀನಿ, ಯಾಕಂದ್ರೆ ಓದ್ತಾ ಓದ್ತಾ ನಂಗೆ ಸಿಟ್ಟು ಬಂತು, ಏನೂ ಇಲ್ಲದ ಲೇಖನ ಬಂದಾಗ ನಂಗೆ ಸಿಟ್ಟು ಬರಲ್ಲ.

ಮೊದಲನೇದು, ನಿಮ್ಮ ಎರಡನೇ ಪ್ಯಾರಾ. "ಹನುಕ್ಕಾ ಎಂದರೆ ಯಹೂದಿಗಳ ದೀಪಾವಳಿ." ಅಷ್ಟೇ ಬರೆದು ಮುಂದಕ್ಕೆ ಹೋಗಿದ್ದೀರಿ. ಈ ವಾಕ್ಯ ಓದಿದವರಿಗೆ ಗೊತ್ತಾಗೋದು ದೀಪಾವಳಿ, ಅದು ಅವರಿಗೆ ಮೊದಲೇ ಗೊತ್ತು. ಹನುಕ್ಕಾದಲ್ಲಿ ಎಂಟು ರಾತ್ರಿ ದೀಪ ಹಚ್ಚುತ್ತಾರೆ, ಮೊದಲ ರಾತ್ರಿ ಒಂದು, ಎರಡನೇ ರಾತ್ರಿ ಎರಡು, ಹೀಗೆ ದಿನಕ್ಕೊಂದು ಏರಿಸ್ತಾ ಹೋಗ್ತಾರೆ. ಜೆರುಸಲೇಮಿನ ದೇವಾಲಯವನ್ನ ಗ್ರೀಕ್ ರಾಜನ ಕೈಯಿಂದ ಬಿಡಿಸ್ಕೊಂಡು ಕ್ರಿ.ಪೂ. 164ರಲ್ಲಿ ಮತ್ತೆ ಶುದ್ಧಿ ಮಾಡಿದಾಗ ಒಂದು ದಿನಕ್ಕೆ ಸಾಲೋ ಎಣ್ಣೆ ಎಂಟು ದಿನ ಉರೀತು ಅನ್ನೋ ಕಥೆಯ ನೆನಪಿಗೆ. ಇನ್ನೊಂದು ವಿಷಯ ಇದೆ, ಅದು ನಂಗೆ ಬಹಳ ಇಷ್ಟ: ಆ ದೀಪಗಳ ಬೆಳಕಲ್ಲಿ ಓದಬಾರದು, ಕೆಲಸ ಮಾಡಬಾರದು, ಅವನ್ನ ಸುಮ್ನೆ ನೋಡಬೇಕು. ಅದಕ್ಕೇ ಪಕ್ಕದಲ್ಲಿ ಷಮಾಷ್ ಅಂತ ಇನ್ನೊಂದು ದೀಪ ಇಡ್ತಾರೆ, ಉಳಿದವನ್ನ ಹಚ್ಚೋದೂ ಅದರಿಂದಲೇ, ಕಣ್ಣಿಗೆ ಬೆಳಕು ಬೇಕಾದ್ರೂ ಅದೇ. ಸೇವಕ ದೀಪ ಅಂತ ಇಟ್ಕೊಳ್ಳಿ. ಇದನ್ನೆಲ್ಲ ನೀವು ಪಕ್ಕದಲ್ಲೇ ನಿಂತು ನೋಡಿದ್ದೀರಿ. ದೀಪಾವಳಿ ಅಂದ ತಕ್ಷಣ ಇದೆಲ್ಲ ಮಾಯ ಆಯ್ತು.

ಮುಂದಿನ ಸಾಲು. "ಸುಕ್ಕೋತ್ ಹಬ್ಬಕ್ಕೆ ನಮ್ಮ ಮದುವೆ ಚಪ್ಪರದ ಹಾಗೆ ಚಪ್ಪರ ಹಾಕುತ್ತಾರೆ." ಚಪ್ಪರ ಅನ್ನೋ ಪದ ತಪ್ಪಲ್ಲ, ಅದಕ್ಕಿಂತ ಒಳ್ಳೆ ಪದ ನಂಗೂ ಹೊಳೀತಿಲ್ಲ, ಆದ್ರೆ 'ನಮ್ಮ ಮದುವೆ ಚಪ್ಪರದ ಹಾಗೆ' ಯಾಕೆ? ಮದುವೆ ಚಪ್ಪರ ಬಿಸಿಲು ತಡೆಯೋಕೆ, ಬಂದ ನೆಂಟರನ್ನ ಕೂರಿಸೋಕೆ. ಸುಕ್ಕಾ ಅನ್ನೋ ಆ ಚಪ್ಪರದ ಮೇಲೆ ಹೊದಿಸೋದು ಕಡಿದ ಕೊಂಬೆ, ಎಲೆ, ಬಿದಿರು ಥರದ್ದು ಮಾತ್ರ, ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ಆದ್ರೆ ರಾತ್ರಿ ಸಂದಿಯಿಂದ ನಕ್ಷತ್ರ ಕಾಣೋ ಹಾಗೂ ಇರಬೇಕು. ತಮ್ಮ ಪೂರ್ವಜರು ಈಜಿಪ್ಟಿಂದ ಹೊರಟ ಮೇಲೆ ನಲವತ್ತು ವರ್ಷ ಮರಳುಗಾಡಲ್ಲಿ ಮನೆ ಇಲ್ಲದೆ ಅಲೆದಿದ್ದು ಮರೀಬಾರದು ಅಂತ ಗಟ್ಟಿ ಮನೆ ಇರೋವ್ರು ಬೇಕಂತಲೇ ಅದರೊಳಗೆ ಕೂತು ಊಟ ಮಾಡ್ತಾರೆ. ನಿಮ್ಮ ಮಕ್ಕಳು ಶಾಲೆ ಅಂಗಳದ ಸುಕ್ಕಾದಲ್ಲಿ ಜಾಕೆಟ್ ಹಾಕ್ಕೊಂಡು ಊಟ ಮಾಡೋ ಒಂದೇ ಒಂದು ಫೋಟೋ ಲೇಖನದ ಜೊತೆ ಕಳಿಸಿದ್ದೀರಲ್ಲ, ಲೇಖನಕ್ಕಿಂತ ಆ ಫೋಟೋ ಜಾಸ್ತಿ ಹೇಳ್ತಿದೆ.

"ಪೂರಿಮ್ ಅವರ ಹೋಳಿ." ಇದನ್ನ ಹೊಡೆದು ಹಾಕಿ. ರಾಣಿ ಎಸ್ತೇರಳ ಕಥೆಯ ಸುರುಳಿ ಓದ್ತಾ, ಯಹೂದಿಗಳನ್ನ ಕೊಲ್ಲಿಸೋಕೆ ಹೊರಟಿದ್ದ ಹಾಮಾನನ ಹೆಸರು ಬಂದಾಗೆಲ್ಲ ಆ ಹೆಸರು ಕೇಳಿಸದ ಹಾಗೆ ಮಕ್ಕಳು ಗಿಲಕಿ ತಿರುಗಿಸಿ ಗದ್ದಲ ಎಬ್ಬಿಸ್ತಾರೆ, ಅಷ್ಟು ಬರೆದ್ರೆ ಸಾಕು, ಹೋಳಿ ಬೇಕಾಗಿಲ್ಲ.

ಇದು ನಂಗೆ ಇಷ್ಟು ಚುಚ್ಚೋಕೆ ಕಾರಣ ಇದೆ. ನಾನು ಮೈಸೂರಲ್ಲಿ ಒಂದು ಪತ್ರಿಕೆಗೆ ಟ್ರೈನಿಯಾಗಿ ಸೇರಿದ ವರ್ಷ ಬೈಲಕುಪ್ಪೆಗೆ ಕಳಿಸಿದ್ರು, ಟಿಬೆಟನ್ನರ ಹೊಸ ವರ್ಷದ ಹಬ್ಬ ಲೋಸಾರ್ ಬಗ್ಗೆ ಬರ್ಕೊಂಡು ಬಾ ಅಂತ. ಬೆಳಿಗ್ಗೆ ಬಸ್ ಹತ್ತಿ ಹುಣಸೂರು ಪಿರಿಯಾಪಟ್ಟಣ ದಾಟಿ ಹೋದೆ, ಸಂಜೆ ವಾಪಸ್ ಬಂದು "ಬೈಲಕುಪ್ಪೆಯಲ್ಲಿ ಟಿಬೆಟನ್ನರ ಯುಗಾದಿ" ಅಂತ ಹೆಡ್ಡಿಂಗ್ ಕೊಟ್ಟು ಎರಡು ಕಾಲಂ ಬರೆದೆ, ಬಹಳ ಚೆನ್ನಾಗಿದೆ ಅಂತ ನಂಬಿದ್ದೆ. ಚೀಫ್ ಸಬ್ ಎಡಿಟರ್ ಹೆಡ್ಡಿಂಗ್ ಮೇಲೆ ಕೆಂಪು ಗೆರೆ ಎಳೆದ್ರು. "ಯುಗಾದಿ ನಮ್ಮ ಓದುಗರಿಗೆ ಗೊತ್ತು ಕಣಯ್ಯಾ, ಲೋಸಾರ್ ಬಗ್ಗೆ ನಿಂಗೇನು ಗೊತ್ತಾಯ್ತು ಅದನ್ನ ಹೇಳು" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಮಾರನೇ ದಿನ ನನ್ನ ದುಡ್ಡಲ್ಲೇ ಮತ್ತೆ ಬಸ್ ಹತ್ತಿದೆ. ಅಲ್ಲಿ ಒಬ್ಬ ಅಜ್ಜಿ ಮನೇಲಿ ಮೂರು ಗಂಟೆ ಕೂತೆ, ಮೊಮ್ಮಗ ಕನ್ನಡಕ್ಕೆ ಮಾಡಿ ಹೇಳ್ತಿದ್ದ. ಲೋಸಾರ್ ಹತ್ರ ಬಂದಾಗ, ಹನ್ನೆರಡನೇ ತಿಂಗಳ 29ನೇ ರಾತ್ರಿ ಗುತುಕ್ ಅಂತ ಒಂದು ಸೂಪ್ ಮಾಡ್ತಾರಂತೆ, ಅದರಲ್ಲಿ ದೊಡ್ಡ ಹಿಟ್ಟಿನ ಉಂಡೆ, ಒಂದೊಂದು ಉಂಡೆ ಒಳಗೆ ಒಂದೊಂದು ವಸ್ತು ಬಚ್ಚಿಟ್ಟಿರ್ತಾರೆ. ಮೆಣಸಿನಕಾಯಿ ಸಿಕ್ಕಿದವರು ವಾಚಾಳಿ, ಇದ್ದಿಲು ಸಿಕ್ಕಿದವರ ಮನಸ್ಸು ಕಪ್ಪು, ಉಣ್ಣೆ ಸಿಕ್ಕಿದವರು ಮೃದು ಸ್ವಭಾವದವರು. ಆ ಅಜ್ಜಿಗೆ ಆ ವರ್ಷ ಇದ್ದಿಲು ಸಿಕ್ಕಿತ್ತು, ಹೇಳ್ಕೊಂಡು ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಅವರಿಗೆ. ಯುಗಾದಿ ಯುಗಾದಿ ಅಂತಿದ್ದ ಮೊದಲ ದಿನ ಇದ್ಯಾವುದೂ ನನ್ನ ಕಿವಿಗೆ ಬಿದ್ದಿರಲಿಲ್ಲ, ಯಾಕಂದ್ರೆ ನಾನು ಬೇವು ಬೆಲ್ಲ ಹುಡುಕ್ತಿದ್ದೆ.

ನಮ್ಮದನ್ನ ತರಲೇಬೇಡಿ ಅಂತಲ್ಲ ಮೇಡಂ. ನೀವು ಅಲ್ಲಿ ಇರೋದೇ ನಮ್ಮದು. ಕೋಷರ್ ಅಂದ್ರೆ ಯಹೂದಿಗಳ ಊಟದ ನಿಯಮ ಇರೋ ಶಾಲೆ ಅದು, ಮನೆಯಿಂದ ನೀವು ತಗೊಂಡು ಹೋಗೋ ಚಿತ್ರಾನ್ನದ ಡಬ್ಬಿ ಏನಾಗುತ್ತೆ? ಸ್ಟಾಫ್ ರೂಮಲ್ಲಿ ತೆಗೀಬಹುದಾ, ಕಾರಲ್ಲಿ ಕೂತು ತಿಂತೀರಾ? ಅದರ ಬಗ್ಗೆ ಒಂದು ಸಾಲೂ ಇಲ್ಲ.

ಎರಡನೇದು. "ಮಕ್ಕಳು ತುಂಬಾ ಎಂಜಾಯ್ ಮಾಡಿದರು." ಎಣಿಸಿದೆ, ಹನ್ನೊಂದು ಸಲ ಇದೆ. ಎಂಜಾಯ್ ಇಂಗ್ಲಿಷ್ ಪದ ಅನ್ನೋದು ನನ್ನ ತಕರಾರಲ್ಲ, ಆನಂದಿಸಿದರು ಅಂತ ಬದಲಾಯಿಸಿದ್ರೂ ತಕರಾರು ಹಾಗೇ ಇರುತ್ತೆ.

"ಸೋಫೆರ್ ಎಂಬ ಲಿಪಿಕಾರರು ಶಾಲೆಗೆ ಬಂದು ಹಕ್ಕಿ ಗರಿಯಿಂದ ಬರೆದು ತೋರಿಸಿದರು. ಮಕ್ಕಳು ತುಂಬಾ ಎಂಜಾಯ್ ಮಾಡಿದರು." ನಾನು ಪ್ರೂಫ್ ನೋಡ್ತಾ ಬೆಳೆದವನು, ಈ ಸಾಲಲ್ಲಿ ನಿಂತೇಬಿಟ್ಟೆ. ಅವರ ಪವಿತ್ರ ಗ್ರಂಥ ತೋರಾದಲ್ಲಿ 3,04,805 ಅಕ್ಷರ, ಅಷ್ಟನ್ನೂ ಚರ್ಮದ ಹಾಳೆ ಮೇಲೆ ಕೈಯಲ್ಲೇ ಬರೀಬೇಕು, ಒಂದು ಅಕ್ಷರ ಬಿರುಕು ಬಿಟ್ರೂ, ಪಕ್ಕದ ಅಕ್ಷರಕ್ಕೆ ತಾಗಿದ್ರೂ ಸರಿಪಡಿಸೋವರೆಗೆ ಆ ಸುರುಳಿ ಓದೋಕೆ ಬರಲ್ಲ. ಅಕ್ಷರ ಸರಿ ಇದೆಯೋ ಇಲ್ವೋ ಅಂತ ದೊಡ್ಡವರಿಗೆ ಅನುಮಾನ ಬಂದ್ರೆ ಒಂದು ಮಗುನ ಕರೀತಾರೆ, ತೀರಾ ಜಾಣನೂ ಅಲ್ಲ ತೀರಾ ದಡ್ಡನೂ ಅಲ್ಲದ, ಅಕ್ಷರ ಗೊತ್ತಿರೋ ಮಗು. ಅದು ಏನು ಅಂತ ಓದುತ್ತೋ ಅದೇ ಆ ಅಕ್ಷರ. ಅಂಥ ಕೆಲಸ ಮಾಡೋ ಮನುಷ್ಯ ಗರಿ ಹಿಡ್ಕೊಂಡು ಈಗತಾನೇ ಅಕ್ಷರ ಕಲಿತ ಮಕ್ಕಳ ಮುಂದೆ ಕೂತಿದ್ದಾನೆ! ಯಾವ ಮಗು ಏನು ಕೇಳ್ತು? ತಪ್ಪಾದ್ರೆ ಏನು ಮಾಡ್ತೀರಿ ಅಂತ ಒಂದಾದ್ರೂ ಮಗು ಕೇಳಿರಲೇಬೇಕು, ಆತ ಏನಂದ್ರು?

ಈಗ ನಾನು ಓದೋದು ನಿಲ್ಲಿಸಿ ಎದ್ದು ಹೋದ ಸಾಲು, ನಾಜಿಗಳು ಯಹೂದಿಗಳನ್ನ ಸಾಮೂಹಿಕವಾಗಿ ಕೊಂದ ಹೊಲೊಕಾಸ್ಟ್ ಬಗ್ಗೆ. "ಹೊಲೊಕಾಸ್ಟ್‌ನಲ್ಲಿ ಬದುಕುಳಿದ 94 ವರ್ಷದ ಅಜ್ಜಿಯೊಬ್ಬರು ಮಿಡ್ಲ್ ಸ್ಕೂಲ್ ಮಕ್ಕಳ ಜೊತೆ ತಮ್ಮ ಅನುಭವ ಹಂಚಿಕೊಂಡರು. ಮಕ್ಕಳು ತುಂಬಾ ಎಂಜಾಯ್ ಮಾಡಿದರು."

ನೀವು ಕೆಟ್ಟ ಮನಸ್ಸಿಂದ ಬರೆದಿಲ್ಲ ಅಂತ ಚೆನ್ನಾಗಿ ಗೊತ್ತು. ಹತ್ತು ಸಲ ಬರೆದ ಕೈ ಹನ್ನೊಂದನೇ ಸಲಾನೂ ತಾನಾಗೇ ಬರೆದುಬಿಡ್ತು. ಅಂಥ ವಾಕ್ಯಗಳ ಅಪಾಯವೇ ಇದು, ಬರೆಯುವಾಗ ನಾವು ನೋಡ್ತಿರಲ್ಲ. ಆ ಅಜ್ಜಿ ಕೂತು ಮಾತಾಡಿದ್ರಾ, ನಿಂತು ಮಾತಾಡಿದ್ರಾ? ಮಕ್ಕಳ ವಯಸ್ಸಲ್ಲೇ ಅಲ್ವಾ ಅವರಿಗೆ ಅದೆಲ್ಲ ಆಗಿದ್ದು, ಆ ಲೆಕ್ಕ ಮಕ್ಕಳು ಹಾಕಿದ್ರಾ? ಅವರು ಹೋದ ಮೇಲೆ ಮುಂದಿನ ಪೀರಿಯಡ್ ಗಣಿತ ಇತ್ತಾ, ಮಾಡೋಕಾಯ್ತಾ? ಇವರ ಬಾಯಿಂದಲೇ ಕೇಳೋ ಕೊನೇ ಮಕ್ಕಳು ನಿಮ್ಮ ಮುಂದೆ ಕೂತಿರೋರು, ಇನ್ನು ಕೆಲವೇ ವರ್ಷ, ಆಮೇಲೆ ಆ ಶಾಲೆಗೆ ಅಂಥ ಅತಿಥಿ ಬರೋಕೆ ಸಾಧ್ಯವೇ ಇಲ್ಲ.

ವಾಷಿಂಗ್ಟನ್ ಟ್ರಿಪ್ ಕೂಡ ಹಾಗೇ ಆಗಿದೆ. ಶ್ವೇತಭವನ, ಲಿಂಕನ್ ಸ್ಮಾರಕ, ಹೊಲೊಕಾಸ್ಟ್ ಮ್ಯೂಸಿಯಂ, ಏರ್ ಅಂಡ್ ಸ್ಪೇಸ್ ಮ್ಯೂಸಿಯಂ ಎಲ್ಲ ಒಂದೇ ಉಸಿರಲ್ಲಿ, ಕೊನೆಗೆ ಎಂಜಾಯ್. 1993ರಲ್ಲಿ ತೆರೆದ ಆ ಹೊಲೊಕಾಸ್ಟ್ ಮ್ಯೂಸಿಯಂನಲ್ಲಿ ಮುಖ್ಯ ಪ್ರದರ್ಶನಕ್ಕೆ ಹೋಗೋರಿಗೆ ಒಂದು ಗುರುತಿನ ಚೀಟಿ ಕೊಡ್ತಾರೆ, ಆ ಕಾಲದಲ್ಲಿ ನಿಜವಾಗ್ಲೂ ಬದುಕಿದ್ದ ಒಬ್ಬರ ಕಥೆ ಅದರಲ್ಲಿರುತ್ತೆ, ಆ ಮನುಷ್ಯ ಉಳಿದ್ರಾ ಇಲ್ವಾ ಅನ್ನೋದು ಕೊನೇಲಿ. ಒಳಗೆ ಮೈದಾನೆಕ್ ಅನ್ನೋ ನಾಜಿ ಕ್ಯಾಂಪಿಂದ ತಂದ ಸಾವಿರಾರು ಶೂಗಳ ರಾಶಿ. ನಿಮಗೂ ಆ ಚೀಟಿ ಸಿಕ್ಕಿದ್ರೆ, ಯಾರದು ಸಿಕ್ತು?

ನಿಮಗೆ ನೋಡೋಕೆ ಬರಲ್ಲ ಅಂತ ನಾನು ಹೇಳ್ತಿಲ್ಲ, ಬರುತ್ತೆ ಅನ್ನೋದಕ್ಕೆ ಸಾಕ್ಷಿ ನನ್ನ ಹತ್ರಾನೇ ಇದೆ. ಲೇಖನ ಕಳಿಸೋದು ಲೇಟ್ ಆಯ್ತು ಅಂತ ಮೇಲ್‌ನಲ್ಲಿ ಬರೆದಿದ್ರಿ: "ಸಾರಿ ಸರ್, ಇವತ್ತು ಸೆಕೆಂಡ್ ಕ್ಲಾಸ್ ಮಕ್ಕಳು ಮಟ್ಸಾ ಮಾಡಿದ್ರು, ಎಲ್ಲಾ ಕಡೆ ಹಿಟ್ಟು, ಒರೆಸೋದ್ರಲ್ಲೇ ಸಂಜೆ ಆಯ್ತು, ಒಬ್ಬ ಹುಡುಗಂದು 18 ನಿಮಿಷ ದಾಟಿಬಿಡ್ತು ಅಂತ ಅತ್ತೂ ಅತ್ತೂ ಕಣ್ಣೆಲ್ಲ ಊದಿತ್ತು."

ನಾನು ಇದನ್ನ ಓದಿ ಆಫೀಸಲ್ಲಿ ಇಬ್ಬರಿಗೆ ಓದಿ ಹೇಳಿದೆ. ಮಟ್ಸಾ ಅಂದ್ರೆ ಪಾಸೋವರ್ ಹಬ್ಬಕ್ಕೆ ಮಾಡೋ ಹುದುಗದ ರೊಟ್ಟಿ. ಹಿಟ್ಟಿಗೆ ನೀರು ಬಿದ್ದ ಕ್ಷಣದಿಂದ ಬೇಯೋವರೆಗೆ 18 ನಿಮಿಷ, ದಾಟಿದ್ರೆ ಅದು ಹುದುಗಿದ ಹಿಟ್ಟಿನ ಲೆಕ್ಕ, ಪಾಸೋವರ್‌ಗೆ ಬರಲ್ಲ. ಏಳು ವರ್ಷದ ಹುಡುಗ ನಾದಿ, ಲಟ್ಟಿಸಿ, ತೂತು ಚುಚ್ಚಿ, ಗಡಿಯಾರ ನೋಡ್ತಿದ್ದಾನೆ. ಲೇಖನದಲ್ಲಿ ಇದರ ಬದಲು ಏನಿದೆ ನೋಡಿ: "ಮಕ್ಕಳಿಗೆ ಮಟ್ಸಾ ತಯಾರಿಕೆಯ ಪ್ರಾತ್ಯಕ್ಷಿಕೆ ನಡೆಯಿತು." ಮೇಲ್ ಬರೆದವರೂ ಲೇಖನ ಬರೆದವರೂ ಒಬ್ಬರೇ ಅಂದ್ರೆ ನಂಬೋದು ಕಷ್ಟ.

ಹಾಗಾಗಿ ಒಂದು ವರ್ಷದ ಎಲ್ಲಾ ಹಬ್ಬ, ಎಲ್ಲಾ ಟ್ರಿಪ್ ಬೇಡ. ಮಟ್ಸಾ ದಿನ ಮತ್ತೆ ಆ ಅಜ್ಜಿ ಬಂದ ದಿನ, ಇವೆರಡೇ ಬರೆದು ಕಳಿಸಿ, 1500 ಪದ ಆದ್ರೂ ಪರವಾಗಿಲ್ಲ. ಮಕ್ಕಳ ಹೆಸರು, ಶಾಲೆ ಹೆಸರು ಹಾಕಬೇಡಿ, ಫೋಟೋಗೆ ಮನೆಯವರ ಒಪ್ಪಿಗೆ ಕೇಳಿ. ಆ ಹುಡುಗನ ಹಿಟ್ಟು ಕೊನೆಗೆ ಏನಾಯ್ತು, ಎಸೆದ್ರಾ, ಅವನಿಗೆ ಇನ್ನೊಂದು ಹಿಡಿ ಹಿಟ್ಟು ಕೊಟ್ಟು ಮತ್ತೆ ಗಡಿಯಾರ ಶುರು ಮಾಡಿದ್ರಾ, ಅದನ್ನ ಮಾತ್ರ ಲೇಖನಕ್ಕೆ ಕಾಯದೆ ನಾಳೆನೇ ಒಂದು ಮೇಲ್ ಹಾಕಿ ಹೇಳಿ.