ಅಕ್ಕಪಕ್ಕದ ಮನೆಗಳನ್ನು ಅನಾಹುತಕ್ಕೆ ಮೊದಲೇ ಸಜ್ಜು ಮಾಡುವುದು ಹೇಗೆ?
ನಿಮ್ಮ ಬೀದಿಯವರಿಗೆ ಪ್ರವಾಹ, ಭೂಕಂಪದ ಬಗ್ಗೆ ಕರಪತ್ರ ಹಂಚಿದ್ದೀರಿ, ಆದರೆ ಯಾರೂ ಏನೂ ಮಾಡುತ್ತಿಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನು ಸ್ವಯಂಸೇವಕಿಯಾಗಿ ಇದೇ ಕೆಲಸ ಮಾಡುತ್ತೇನೆ. ನನ್ನನ್ನು ಕೇಳಿದರೆ, ಸಾಮಾನಿನ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಯಾರ ಮನೆಗೆ ಯಾರು ಓಡಿ ಹೋಗಿ ನೋಡುತ್ತಾರೆ ಅನ್ನುವುದನ್ನು ಮೊದಲು ಗೊತ್ತು ಮಾಡಿ.

1995ರಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪ ಆದಾಗ, ಕುಸಿದ ಮನೆಗಳಿಂದ ಜೀವಂತವಾಗಿ ಹೊರಬಂದವರಲ್ಲಿ ಹೆಚ್ಚಿನವರನ್ನು ಕಾಪಾಡಿದ್ದು ಮನೆಯವರು ಮತ್ತು ನೆರೆಯವರು. ಎಲ್ಲ ಕಡೆಯಿಂದ ಒಟ್ಟಿಗೆ ಕರೆ ಬಂದರೆ, ರಸ್ತೆಯೂ ಮುಚ್ಚಿದ್ದರೆ, ರಕ್ಷಣಾ ಸಿಬ್ಬಂದಿಯಾದರೂ ಎಷ್ಟು ಕಡೆ ಹೋಗಲು ಸಾಧ್ಯ? ಮೊದಲ ಕೆಲವು ಗಂಟೆ ಪಕ್ಕದ ಮನೆಯವರೇ ಗತಿ.

ಹಾಗಾಗಿ ಮನೆಮನೆಗೆ ಹೋಗಿ, ಕೂತು ಮಾತಾಡಿ. "ತಯಾರಿ ಮಾಡಿಕೊಂಡಿದ್ದೀರಾ?" ಎಂದರೆ ತಲೆ ಆಡಿಸಿ ಸುಮ್ಮನಾಗುತ್ತಾರೆ. "ರಾತ್ರಿ ಕರೆಂಟ್ ಹೋಗಿ, ನೀರು ಒಳಗೆ ನುಗ್ಗಿದರೆ ಅಜ್ಜಿಯನ್ನು ಮಹಡಿಗೆ ಯಾರು ಕರ್ಕೊಂಡು ಹೋಗ್ತೀರಿ?" ಎಂದು ಕೇಳಿ ನೋಡಿ. ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಿಜವಾದ ಮಾತು ಅಲ್ಲಿಂದ ಶುರುವಾಗುತ್ತದೆ. ಹಗಲಲ್ಲಿ ಮನೆಯಲ್ಲಿ ಯಾರಿರುತ್ತಾರೆ, ಹಾಸಿಗೆ ಹಿಡಿದವರು ಇದ್ದಾರಾ, ಕರೆಂಟ್ ಇಲ್ಲದೆ ನಡೆಯದ ಆಕ್ಸಿಜನ್ ಯಂತ್ರ ಇದೆಯಾ, ಫ್ರಿಜ್‌ನಲ್ಲಿ ಇನ್ಸುಲಿನ್ ಇದೆಯಾ, ಎಲ್ಲ ಕೇಳಿ. ಹೊಸದಾಗಿ ಬಾಡಿಗೆಗೆ ಬಂದವರನ್ನು, ಒಂಟಿಯಾಗಿ ಇರುವವರನ್ನು ಬಿಡಲೇಬೇಡಿ. ಅವರನ್ನು ವಿಚಾರಿಸುವವರೇ ಇರುವುದಿಲ್ಲ.

ಇಂಥ ಪ್ರತಿ ಮನೆಗೂ ಇಬ್ಬರು ನೆರೆಯವರನ್ನು ಒಪ್ಪಿಸಿ. ಒಬ್ಬರು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬರು ಇರಬೇಕು, ಅಲ್ವಾ? ಈ ಪಟ್ಟಿಯನ್ನು ಮಾತ್ರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತಾಗಬಾರದು. ಕಾಗದದಲ್ಲಿ ಬರೆದು, ನಂಬಿಕೆಯ ಇಬ್ಬರ ಬಳಿ ಇಡಿ.

ಇಷ್ಟಾದ ಮೇಲೆ ಸಾಮಾನಿನ ಮಾತು. ಕುಡಿಯಲು, ಅಡುಗೆಗೆ, ಕೈ ತೊಳೆಯಲು ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್‌ನಂತೆ ಕನಿಷ್ಠ 3 ದಿನದ ನೀರು, ಅಂದರೆ ನಾಲ್ಕು ಜನರ ಮನೆಗೆ 48 ಲೀಟರ್. ದಿನವೂ ತೆಗೆದುಕೊಳ್ಳುವ ಔಷಧಿ, ಟಾರ್ಚ್, ನೀರು ತಾಗದ ಕವರಿನಲ್ಲಿ ದಾಖಲೆಗಳು. ಒಟ್ಟಿಗೆ ಕೂಡಿಸಲು ಎಲ್ಲರ ಕೈಯಲ್ಲೂ ಆಗುವುದಿಲ್ಲ, ಸ್ವಲ್ಪ ಸ್ವಲ್ಪವೇ ಸೇರಿಸಲಿ. ಬೇರೆ ಊರಿನ ಒಬ್ಬ ನೆಂಟರ ಫೋನ್ ನಂಬರನ್ನು ಎಲ್ಲರೂ ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಲಿ. ಮನೆಯವರು ಚೆದುರಿ ಹೋದರೆ ಅವರಿಗೇ ಸುದ್ದಿ ಮುಟ್ಟಿಸಬೇಕು. ಲೈನ್ ತುಂಬಿ ಕರೆ ಹೋಗದಿದ್ದಾಗಲೂ ಎಸ್ಸೆಮ್ಮೆಸ್ ಹೋಗುವುದುಂಟು.

ಮೇನ್ ಸ್ವಿಚ್ ಮತ್ತು ಗ್ಯಾಸ್ ಬಂದ್ ಮಾಡುವುದನ್ನು ಬಾಯಲ್ಲಿ ಹೇಳಿದರೆ ಸಾಲದು. ಮನೆಯ ದೊಡ್ಡವರೆಲ್ಲ ಒಮ್ಮೆ ತಮ್ಮ ಕೈಯಿಂದಲೇ ಮಾಡಿ ನೋಡಲಿ. ಇನ್ನೆರಡು ವಿಷಯದಲ್ಲಿ ನಾನು ತುಂಬಾ ಹಟ ಹಿಡಿಯುತ್ತೇನೆ. ರಭಸವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು, ಅದರೊಳಗೆ ಇಳಿಯಬಾರದು. ಜನರೇಟರನ್ನು ಮನೆಯೊಳಗೆ ಹಚ್ಚಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದೇ ಇಲ್ಲ.

ಇಡೀ ಬೀದಿಯನ್ನು ಒಮ್ಮೆಗೇ ತಲೆಗೆ ಹಚ್ಚಿಕೊಳ್ಳಬೇಡಿ. ಈ ವಾರ ನಿಮ್ಮ ಎಡಬಲದ ಎರಡು ಮನೆಗೆ ಹೋಗಿ ಬನ್ನಿ. ನಿಮ್ಮ ಕಡೆ ಯಾವ ಅಪಾಯ ಜಾಸ್ತಿ ಎಂದು ತಿಳಿಸಿದರೆ, ಅದಕ್ಕೆ ತಕ್ಕ ಹಾಗೆ ಇನ್ನೇನು ಕೇಳಬೇಕು ಅನ್ನುವುದನ್ನೂ ಬರೆಯುತ್ತೇನೆ.