ಚಾರಿಟಿ ಅಂಗಡಿಯ ಉಣ್ಣೆ ಸ್ವೆಟರ್: ಕೊಳ್ಳುವ ಮುನ್ನ ಏನು ನೋಡಬೇಕು?

ಚಾರಿಟಿ ಅಂಗಡಿಯಲ್ಲಿ (ದಾನ ಬಂದ ಹಳೆಯ ವಸ್ತು ಮಾರುವ ಅಂಗಡಿ) ಕಂಡ ಉಣ್ಣೆ ಸ್ವೆಟರ್ ಕೊಳ್ಳಬಹುದೇ, ಹುಳುವಿನ ಭಯ ಇದೆ ಎಂದು ಕೇಳಿದ್ದೀರಿ. ಧಾರಾಳವಾಗಿ ಕೊಳ್ಳಿ, ಆದರೆ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿ. ಹುಳು ತಿಂದ ತೂತು ಚಿಕ್ಕದಾಗಿ, ಅಂಚು ಅಂಕುಡೊಂಕಾಗಿ ಇರುತ್ತದೆ. ಕಾಲರ್ ಮಡಿಕೆ, ಕಂಕುಳು, ಹೊಲಿಗೆಯ ಸಂದುಗಳಲ್ಲಿ ಹೆಚ್ಚು. ಅಲ್ಲಿ ಬಿಳಿ ಜೇಡರ ಬಲೆಯಂಥ ಎಳೆ ಅಥವಾ ಮರಳಿನಂಥ ಕಾಳು ಕಂಡರೆ ವಾಪಸ್ ಇಟ್ಟುಬಿಡಿ. ಒಂದೆರಡು ತೂತು ಮಾತ್ರ ಇದ್ದರೆ ರಫೂ ಮಾಡಬಹುದು. ಮೊಣಕೈ ಸವೆದು ತೆಳುವಾಗಿದ್ದರೆ ಬೇಡ, ಒಗೆದಾಗ ಅಲ್ಲೇ ಬಿಟ್ಟುಕೊಳ್ಳುತ್ತದೆ. ದಪ್ಪಗೆ ಬಿಗಿದು, ಹೆಣಿಗೆಯ ಕುಣಿಕೆಗಳೇ ಕಾಣದಂತಾಗಿದ್ದರೆ ಯಾರೋ ಬಿಸಿನೀರಲ್ಲಿ ಒಗೆದಿದ್ದಾರೆ ಎಂದರ್ಥ. ಅದು ಮತ್ತೆ ಮೊದಲಿನಂತಾಗದು.

ಲೇಬಲ್‌ ಸೈಜ್ ನಂಬಬೇಡಿ. ನಿಮಗೆ ಸರಿಹೊಂದುವ ಸ್ವೆಟರನ್ನು ಚಪ್ಪಟೆಯಾಗಿ ಹಾಸಿ ಕಂಕುಳಿಂದ ಕಂಕುಳಿಗೆ ಅಳೆದು, ಆ ಅಳತೆ ಬರೆದುಕೊಂಡು ಹೋಗಿ.

ಮನೆಗೆ ತಂದದ್ದನ್ನು ನೇರ ಬೀರುವಿಗೆ ಇಡಲೇಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಬಿಗಿದು, -18 ಡಿಗ್ರಿ ಸೆಲ್ಸಿಯಸ್ ಫ್ರೀಜರಿನಲ್ಲಿ 2 ವಾರ ಇಡಿ. ಒಂದು ರಾತ್ರಿ ಸಾಲದು, ಮೊಟ್ಟೆಗಳು ಉಳಿಯಬಹುದು. ಹೊರತೆಗೆದ ಮೇಲೆ ಚೀಲ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ಉಣ್ಣೆಯ ಮೇಲೆ ನೀರು ಕೂರುತ್ತದೆ. ಆಮೇಲೆ ತಣ್ಣೀರಲ್ಲಿ ಉಣ್ಣೆಯ ಸೋಪಿನಿಂದ, ಉಜ್ಜದೆ, ಅದುಮಿ ಒಗೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ನೇತುಹಾಕಿದರೆ ಒದ್ದೆ ಭಾರಕ್ಕೆ ಭುಜ ಜೋತುಬೀಳುತ್ತದೆ.

ಹಿಂದಿರುಗಿಸುವ ನಿಯಮ ಅಂಗಡಿಗೊಂದು ಥರ, ಹಣ ಕೊಡುವ ಮೊದಲೇ ಕೇಳಿ. ಚೌಕಾಸಿ ಮಾತ್ರ ದಯವಿಟ್ಟು ಬೇಡ, ಆ ಹಣ ಸೇವಾಕಾರ್ಯಕ್ಕೆ ಹೋಗುವಂಥದ್ದು.